ಮಾಡೆಲ್‌ನಲ್ಲಿ ನೇತ್ರಾಣಿ ಬಿಟ್ಟು ಬೇರೆಲ್ಲೂ ಮುರು ಮೀನು ಕಾಣುತ್ತಿಲ್ಲ, ಎಲ್ಲಿ ತಪ್ಪಿದೆ?

ಕಾಳಿ ದಂಡೆ ಹುಡುಗ:
ಎಲ್ಲರಿಗೂ ನಮಸ್ಕಾರ. ಮುರುಡೇಶ್ವರದಿಂದ ಕಾರವಾರದವರೆಗೆ ಬಂಡೆ ಮೀನುಗಳ, ಅದರಲ್ಲೂ ಮುರು ಮೀನಿನ (ಗ್ರೂಪರ್) ನೆಲೆ ಎಲ್ಲೆಲ್ಲಿದೆ ಅಂತ ಮ್ಯಾಕ್ಸೆಂಟ್‌ನಲ್ಲಿ (ಜೀವಿ ಕಂಡ ಜಾಗಗಳಿಂದ ಅದರ ನೆಲೆ ಅಂದಾಜು ಮಾಡುವ ಸಾಫ್ಟ್‌ವೇರ್) ಮಾಡೆಲ್ ಮಾಡುತ್ತಿದ್ದೇನೆ. ಮೀನುಗಾರಿಕೆ ಇಲ್ಲದ ರಕ್ಷಿತ ಜಾಗ ಗುರುತಿಸುವುದಾದರೆ ಗೆರೆ ಎಲ್ಲಿ ಎಳೆಯಬೇಕು ಅನ್ನುವುದು ನನ್ನ ಪ್ರಶ್ನೆ. ಆಳದ ಮಾಹಿತಿ ಜೆಬ್ಕೊದ್ದು (ಇಡೀ ಜಗತ್ತಿನ ಕಡಲ ಆಳದ ನಕ್ಷೆ). ನೀರಿನ ಕಲಕು ಉಪಗ್ರಹದಿಂದ ತೆಗೆದದ್ದು. ಎಯುಸಿ (ಮಾಡೆಲ್ ಎಷ್ಟು ಚೆನ್ನಾಗಿ ಗುರುತಿಸುತ್ತದೆ ಅನ್ನುವ ಅಂಕಿ, 1 ಅಂದರೆ ಪೂರ್ತಿ ಸರಿ) 0.97 ಬಂತು, ಖುಷಿಯಾಯಿತು. ಆದರೆ ನಕ್ಷೆಯಲ್ಲಿ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪ ಮಾತ್ರ ಕೆಂಪು, ಅಂದರೆ ಒಳ್ಳೆಯ ನೆಲೆ. ಕಾರವಾರದ ಕೂರ್ಮಗಡ, ದೇವಗಡ ದ್ವೀಪಗಳ ಸುತ್ತ ಬರೀ ನೀಲಿ, ಅಂದರೆ ನೆಲೆ ಅಲ್ಲ. ಅಲ್ಲಿ ಗಾಳ ಹಾಕುವವರು ಮುರು ಮೀನು ತರುವುದನ್ನು ಕಾರವಾರದ ಬೈತಖೋಲ ಬಂದರಿನಲ್ಲಿ ನಾನೇ ನೋಡಿದ್ದೇನೆ.

ಮುರುಡೇಶ್ವರ ಡೈವರ್:
ತಮ್ಮಾ, ಮೀನು ಕಂಡ ದಾಖಲೆಗಳೆಲ್ಲ ಯಾರು ಕೊಟ್ಟದ್ದು?

ಕಾಳಿ ದಂಡೆ ಹುಡುಗ:
ಡೈವ್ ಮಾಡುವವರದ್ದೇ ಅಣ್ಣ. ಹೆಚ್ಚಿನವು ನೇತ್ರಾಣಿಯವು.

ಮುರುಡೇಶ್ವರ ಡೈವರ್:
ಹಾಗಾದರೆ ನಿನ್ನ ಮಾಡೆಲ್ ಕಲಿತದ್ದು ಮೀನು ಎಲ್ಲಿದೆ ಅಂತಲ್ಲ, ನಾವು ಎಲ್ಲಿ ಮುಳುಗುತ್ತೇವೆ ಅಂತ. ನೀರು ತಿಳಿಯಾಗಿದ್ದಲ್ಲಿ ಮಾತ್ರ ನಮಗೆ ಮೀನು ಕಾಣುತ್ತದೆ. ಕಾಳಿ ನದಿಯ ಕೆಸರು ನೀರಲ್ಲಿ ಮುರು ಮೀನು ಪಕ್ಕದಲ್ಲೇ ಇದ್ದರೂ ಕಾಣುವುದಿಲ್ಲ. ಮಾಡೆಲ್ ಅದನ್ನೇ "ಕಲಕು ನೀರು ಮೀನಿಗೆ ಆಗದು" ಅಂತ ಓದಿಕೊಂಡಿದೆ.

0.97 ನೋಡಿ ನಂಬಬೇಡ. ಹಿನ್ನೆಲೆ ಬಿಂದುಗಳನ್ನು (ಮೀನು ಕಂಡ ಜಾಗಗಳಿಗೆ ಹೋಲಿಸಲು ಮಾಡೆಲ್‌ಗೆ ಕೊಡುವ ಜಾಗಗಳು) ಇಡೀ ಕಡಲಿನಿಂದ ತೆಗೆದರೆ ಎಯುಸಿ ಸುಮ್ನೆ ಏರುತ್ತದೆ. ಅದೇ ಡೈವ್‌ಗಳಲ್ಲಿ ಕಂಡ ಬೇರೆ ಮೀನುಗಳ ಜಾಗಗಳನ್ನೇ ಹಿನ್ನೆಲೆಯಾಗಿ ಇಡು. ಬೈತಖೋಲದ ಗಾಳದವರನ್ನು ಕೇಳಿ ಅವರ ಬಂಡೆಗಳನ್ನೂ ಸೇರಿಸು. ಆಮೇಲೆ ನೇತ್ರಾಣಿಯನ್ನು ಪೂರ್ತಿ ಬದಿಗಿಟ್ಟು, ಉಳಿದದ್ದರಲ್ಲಿ ಕಲಿಸಿ, ನೇತ್ರಾಣಿಯ ಮೇಲೆ ಪರೀಕ್ಷೆ ಮಾಡು. ಆಗ ಬರುವ ಅಂಕಿಯೇ ನಿಜವಾದದ್ದು.

ಇನ್ನೊಂದು, ಜೆಬ್ಕೊದ ಒಂದು ಚೌಕ ಸುಮಾರು 450 ಮೀಟರ್. ಮುರು ಮೀನು ಅಡಗುವ ಬಿರುಕು ಅದರಲ್ಲಿ ಎಲ್ಲಿ ಸಿಗಬೇಕು? ದೋಣಿಯ ಎಕೋ ಸೌಂಡರ್‌ನಲ್ಲಿ (ಶಬ್ದದ ಅಲೆಯಿಂದ ಆಳ ಅಳೆಯುವ ಯಂತ್ರ) ಆಳ ಅಳೆದು ತಾ.

ಕಾಳಿ ದಂಡೆ ಹುಡುಗ:
ಎಕೋ ಸೌಂಡರ್ ಇನ್ನೂ ಸಿಕ್ಕಿಲ್ಲ. ಗಾಳದವರ ಜಾಗಗಳನ್ನು ಸೇರಿಸಿ, ನೀವು ಹೇಳಿದ ಹಾಗೆ ಮತ್ತೆ ಓಡಿಸಿದೆ. ಎಯುಸಿ 0.74ಕ್ಕೆ ಇಳಿಯಿತು. ಆದರೆ ದೇವಗಡದ ಸುತ್ತ ಹಳದಿ, ಕೆಂಪು ಬಂತು ಅಣ್ಣ! ಇನ್ನು ಗೆರೆ ಎಳೆಯಬಹುದಾ?

ಮುರುಡೇಶ್ವರ ಡೈವರ್:
0.74 ಆದರೂ ಪರವಾಗಿಲ್ಲ, ಇದು ಪ್ರಾಮಾಣಿಕ ಅಂಕಿ. ಆದರೆ ಈ ನಕ್ಷೆ ನೆಲೆಯನ್ನು ಮಾತ್ರ ಹೇಳುತ್ತದೆ, ಮೀನು ಎಷ್ಟಿದೆ ಅಂತಲ್ಲ. ನಾಳೆ ಗೆರೆಯ ಒಳಗೆ ಮೀನು ಜಾಸ್ತಿ ಕಂಡರೂ ಅದು ರಕ್ಷಣೆಯಿಂದ ಬಂದದ್ದೋ, ಬಂಡೆ ಮೊದಲಿಂದಲೇ ಚೆನ್ನಾಗಿತ್ತೋ, ಹೇಗೆ ಗೊತ್ತಾಗಬೇಕು? ನಿನ್ನ ಮಾಡೆಲ್ ಒಂದೇ ಮಟ್ಟದ ನೆಲೆ ಅಂತ ತೋರಿಸುವ ಜಾಗಗಳನ್ನು ಒಳಗೊಂದು, ಹೊರಗೊಂದು ಜೋಡಿ ಮಾಡು. ಗೆರೆ ಎಳೆಯುವ ಮೊದಲೇ ಎರಡೂ ಕಡೆ ಎಣಿಸು. ಮೀನಿನ ಉದ್ದವನ್ನೂ ಬರೆದುಕೋ, ಮರೆಯಬೇಡ. ಮುರು ಮೀನಿನ ಹಲವು ಜಾತಿಗಳು ಮೊದಲು ಹೆಣ್ಣಾಗಿದ್ದು, ದೊಡ್ಡದಾದ ಮೇಲೆ ಗಂಡಾಗುತ್ತವೆ. ದೊಡ್ಡವನ್ನೇ ಹಿಡಿಯುತ್ತಾ ಹೋದರೆ ಲೆಕ್ಕಕ್ಕೆ ಮೀನು ಇದ್ದರೂ ಗಂಡುಗಳು ಕಡಿಮೆಯಾಗುತ್ತವೆ.

ಕಾಳಿ ದಂಡೆ ಹುಡುಗ:
ಇದು ಗೊತ್ತೇ ಇರಲಿಲ್ಲ. ಜೂನ್‌ನಲ್ಲಿ ಮೀನುಗಾರಿಕೆ ನಿಷೇಧ ಶುರುವಾಗುವ ಮೊದಲೇ ಬೈತಖೋಲಕ್ಕೆ ಅಳತೆ ಪಟ್ಟಿ ತಗೊಂಡು ಹೋಗುತ್ತೇನೆ.