ಡಿಎನ್‌ಎ ಪಂಜರ ಕಂಪ್ಯೂಟರಿನಲ್ಲಿ ಕುಸಿಯದೆ ನಿಂತರೆ ಸಾಕೇ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ): ನಮಸ್ಕಾರ ಸರ್. ನಾಲ್ಕು ಎಳೆಗಳಿಂದಾಗುವ, ಪ್ರತಿ ಅಂಚಿನಲ್ಲಿ 20 ಬೇಸ್ ಜೋಡಿಗಳಿರುವ (ಎರಡು ಎಳೆಗಳನ್ನು ಹಿಡಿದಿಡುವ ಜೋಡಿ ಘಟಕಗಳು) ಟೆಟ್ರಾಹೆಡ್ರನ್, ಅಂದರೆ ನಾಲ್ಕು ತ್ರಿಕೋನ ಮುಖಗಳ ಆಕಾರದ ಡಿಎನ್‌ಎ ಪಂಜರವನ್ನು ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದೇನೆ. ಒಂದೊಂದು ಪರಮಾಣುವನ್ನೂ ಲೆಕ್ಕಕ್ಕೆ ತೆಗೆದುಕೊಂಡು 100 ನ್ಯಾನೋಸೆಕೆಂಡು ಸಿಮ್ಯುಲೇಶನ್ (ಅಣುಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು) ಓಡಿಸಿದಾಗ ಪಂಜರ ಕುಸಿಯದಿದ್ದರೆ, ಪ್ರಯೋಗಾಲಯದಲ್ಲಿಯೂ ಅದು ಕಟ್ಟಿಕೊಳ್ಳುತ್ತದೆ ಎಂದು ವರದಿಯಲ್ಲಿ ಬರೆಯಬಹುದೇ? ಇದಕ್ಕೆ ಎಷ್ಟು ದೊಡ್ಡ ಕಂಪ್ಯೂಟರ್ ಬೇಕು?

ಉತ್ತರ: ದಯವಿಟ್ಟು ಹಾಗೆ ಬರೆಯಬೇಡಿ. ಪಂಜರ ಕಟ್ಟಿಕೊಳ್ಳುವುದು ಬೇರೆ, ಕಟ್ಟಿದ್ದು ನಿಲ್ಲುವುದು ಬೇರೆ. ನೀವು ಸಿಮ್ಯುಲೇಶನ್ ಆರಂಭಿಸುವಾಗಲೇ ಪ್ರತಿ ಬೇಸೂ ತನ್ನ ಜೋಡಿಯ ಎದುರಿಗೆ ಕುಳಿತಿರುತ್ತದೆ. ಹಾಗೆ ಕೂರಿಸಿದವರು ನೀವೇ. ಪ್ರಯೋಗಾಲಯದ ಕೊಳವೆಯಲ್ಲಾದರೋ ಕಾಯಿಸಿ ಬಿಡಿಸಿದ ನಾಲ್ಕು ಎಳೆಗಳು, ದ್ರಾವಣ ತಣಿಯುತ್ತಾ ಹೋದಂತೆ, ಒಂದನ್ನೊಂದು ಹುಡುಕಿ, ತಪ್ಪು ಜೋಡಿಯನ್ನು ಬಿಟ್ಟು ಸರಿಯಾದದ್ದನ್ನು ಹಿಡಿಯಬೇಕು. ಅದು ಸೆಕೆಂಡು, ನಿಮಿಷಗಳ ಲೆಕ್ಕದ ಕೆಲಸ. ಪರಮಾಣು ಮಟ್ಟದ ಸಿಮ್ಯುಲೇಶನ್ನಿನಲ್ಲಿ ಒಂದು ಹೆಜ್ಜೆ ಸಾಮಾನ್ಯವಾಗಿ 2 ಫೆಮ್ಟೋಸೆಕೆಂಡು. ನಿಮ್ಮ 100 ನ್ಯಾನೋಸೆಕೆಂಡಿಗೆ 5 ಕೋಟಿ ಹೆಜ್ಜೆಗಳಾದರೆ, ಒಂದೇ ಒಂದು ಸೆಕೆಂಡಿಗೆ 5 ಕೋಟಿ ಕೋಟಿ ಹೆಜ್ಜೆಗಳು ಬೇಕಾಗುತ್ತವೆ.

ಕಂಪ್ಯೂಟರಿನ ಬಗ್ಗೆ ಅಷ್ಟು ಆತಂಕ ಬೇಡ. ಆರು ಅಂಚುಗಳಿಗೆ 120 ಜೋಡಿಗಳು; ಜೋಡಿಗೆ ಸುಮಾರು 65 ಪರಮಾಣುಗಳೆಂದರೆ ಡಿಎನ್‌ಎಯ ಪಾಲು 8,000ದ ಆಸುಪಾಸು. ಪ್ರತಿ ಜೋಡಿಗೆ 0.34 ನ್ಯಾನೋಮೀಟರಿನಂತೆ ಅಂಚಿನ ಉದ್ದ ಸುಮಾರು 7 ನ್ಯಾನೋಮೀಟರ್ ಆಗುವುದರಿಂದ, ಸುತ್ತ ಜಾಗ ಬಿಟ್ಟು 12 ನ್ಯಾನೋಮೀಟರ್ ಬದಿಯ ನೀರಿನ ಪೆಟ್ಟಿಗೆ ಬೇಕು. ಅದರಲ್ಲಿ 57,000ದಷ್ಟು ನೀರಿನ ಅಣುಗಳು, ಅಂದರೆ 1,70,000 ಪರಮಾಣುಗಳು ಹಿಡಿಯುತ್ತವೆ. ಕಂಪ್ಯೂಟರಿನ ದುಡಿಮೆಯೆಲ್ಲ ಬಹುಪಾಲು ನೀರಿಗೇ ಹೋಗುತ್ತದೆ ಎನ್ನಿ. ಒಂದು ಒಳ್ಳೆಯ ಜಿಪಿಯು ಕಾರ್ಡ್ ಇದ್ದರೆ ಕೆಲವು ದಿನಗಳಲ್ಲಿ ಮುಗಿಯುವ ಕೆಲಸವಿದು.

ಹೊಸಬರು ಎಡವುವುದು ಅಯಾನುಗಳಲ್ಲಿ. ಪ್ರಯೋಗದಲ್ಲಿ 10 ಮಿಲಿಮೋಲಾರ್ ಮೆಗ್ನೀಸಿಯಂ ಇದೆಯೆಂದು ಅದನ್ನೇ ಪೆಟ್ಟಿಗೆಯ ಗಾತ್ರಕ್ಕೆ ಲೆಕ್ಕ ಹಾಕಿದರೆ ಸಿಗುವುದು ಹತ್ತೇ ಹತ್ತು ಅಯಾನು. ಆದರೆ ನಿಮ್ಮ ಪಂಜರದ ಎಳೆಗಳ ಬೆನ್ನೆಲುಬಿನಲ್ಲಿರುವ ಸುಮಾರು 240 ಫಾಸ್ಫೇಟುಗಳ ಋಣ ವಿದ್ಯುದಂಶವನ್ನು ಸರಿದೂಗಿಸಲಿಕ್ಕೇ 120 ಮೆಗ್ನೀಸಿಯಂ ಅಯಾನುಗಳು ಬೇಕು. ಆ ಹತ್ತು ಇದರ ಮೇಲೆ. ಇನ್ನೊಂದು ತೊಡಕೆಂದರೆ, ಮೆಗ್ನೀಸಿಯಂ ತನ್ನನ್ನು ಸುತ್ತುವರಿದ ಆರು ನೀರಿನ ಅಣುಗಳಲ್ಲಿ ಒಂದನ್ನು ಬಿಟ್ಟುಕೊಡಲು ಮೈಕ್ರೋಸೆಕೆಂಡಿನಷ್ಟು ಕಾಲ ತೆಗೆದುಕೊಳ್ಳುತ್ತದೆ. ಆದ್ದರಿಂದ ಬರಿಯ ಅಯಾನನ್ನು ಫಾಸ್ಫೇಟಿನ ಪಕ್ಕದಲ್ಲಿಟ್ಟರೆ ನಿಮ್ಮ ಇಡೀ ಸಿಮ್ಯುಲೇಶನ್ ಮುಗಿದರೂ ಅದು ಅಲ್ಲಿಂದ ಕದಲುವುದಿಲ್ಲ. ಆರು ನೀರಿನ ಅಣುಗಳ ಸಮೇತವೇ ಅದನ್ನು ಇಡಿ.

ಪ್ರಶ್ನೆ (ಗುಂಪಿನ ಇನ್ನೊಬ್ಬ ಸದಸ್ಯರು): ಹಾಗಾದರೆ ಇಂಥ ಲೆಕ್ಕಾಚಾರದಿಂದ ಪ್ರಯೋಗ ಮಾಡುವವರಿಗೆ ಪ್ರಯೋಜನವೇನು? ಪಂಜರ ಕಟ್ಟಿಕೊಳ್ಳುವುದನ್ನೇ ತೋರಿಸಬಲ್ಲ ಮಾದರಿ ಇಲ್ಲವೇ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಆಕ್ಸ್‌ಫರ್ಡಿನಲ್ಲಿ ರೂಪುಗೊಂಡ ಆಕ್ಸ್‌ಡಿಎನ್‌ಎ ಎಂಬ ಸ್ಥೂಲ ಮಾದರಿಯಲ್ಲಿ ಒಂದು ನ್ಯೂಕ್ಲಿಯೋಟೈಡಿಗೆ (ಬೇಸ್, ಸಕ್ಕರೆ, ಫಾಸ್ಫೇಟು ಸೇರಿದ ಎಳೆಯ ಒಂದು ಘಟಕ) ಒಂದೇ ಗಟ್ಟಿ ಕಣ. ನೀರು ಕಣ್ಣಿಗೆ ಕಾಣುವುದಿಲ್ಲ, ಉಪ್ಪು ಒಂದು ಸೂತ್ರವಾಗಿ ಮಾತ್ರ ಇರುತ್ತದೆ. ಎಳೆಗಳು ಕೂಡುವುದು, ಬಿಡುವುದು ಅದರಲ್ಲಿ ಚೆನ್ನಾಗಿ ಸಿಗುತ್ತದೆ. ಆದರೆ ಮೆಗ್ನೀಸಿಯಂ ಯಾವ ಫಾಸ್ಫೇಟಿಗೆ ಅಂಟಿತು ಎಂದು ಅದನ್ನು ಕೇಳುವಂತಿಲ್ಲ.

ಇನ್ನು ಪ್ರಯೋಜನಕ್ಕೆ ಬೆಂಗಳೂರಿನದೇ ಉದಾಹರಣೆ ಇದೆ. ಇಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಇದ್ದಾಗ ಯಮುನಾ ಕೃಷ್ಣನ್ ಅವರ ತಂಡ ಇಪ್ಪತ್ತು ಮುಖಗಳ ಡಿಎನ್‌ಎ ಪಂಜರವನ್ನು, ಅಂದರೆ ಐಕೊಸಾಹೆಡ್ರನ್ನನ್ನು, ಎರಡು ಅರ್ಧಗಳಾಗಿ ಕಟ್ಟಿ, ನಡುವೆ ಚಿನ್ನದ ನ್ಯಾನೋಕಣವನ್ನಿಟ್ಟು ಮುಚ್ಚಿ 2009ರಲ್ಲಿ ಪ್ರಕಟಿಸಿತು. ಅದೇ ಪಂಜರವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಬಲ್ ಮೈತಿ ಅವರ ತಂಡ ಕೃಷ್ಣನ್ ಅವರೊಡನೆ ಸೇರಿ, ನೀರು ಮತ್ತು ಅಯಾನುಗಳ ಸಹಿತ ಪರಮಾಣು ಮಟ್ಟದಲ್ಲಿ ಸಿಮ್ಯುಲೇಟ್ ಮಾಡಿ 2017ರಲ್ಲಿ ಫಲಿತಾಂಶವನ್ನು ಹೊರತಂದಿತು. ಒಳಗೆ ಚಿನ್ನದ ಕಣವಿರುವ ಪಂಜರವು ಖಾಲಿ ಪಂಜರಕ್ಕಿಂತ ಹೆಚ್ಚು ಸ್ಥಿರವಾಗಿದೆ ಎಂಬುದು ಅದರಲ್ಲಿ ನನಗೆ ಮುಖ್ಯವೆನಿಸಿದ ಸಂಗತಿ. ಒಳಗಿನ ಸರಕು ಸುಮ್ಮನೆ ಕುಳಿತಿರುವುದಿಲ್ಲ, ಪಂಜರಕ್ಕೆ ಆಸರೆಯೂ ಆಗುತ್ತದೆ ಎಂದಾಯಿತು. ಸರಕು ತುಂಬಿದ ಪಂಜರಗಳು ಪ್ರಯೋಗದಲ್ಲಿ ಹೆಚ್ಚಿನ ಪ್ರಮಾಣದಲ್ಲಿ ದೊರೆತದ್ದಕ್ಕೂ ಇದು ಹೊಂದುತ್ತದೆ. ಒಳಗಿನ ಗಾತ್ರದ ಅಂದಾಜೂ ಅದರಲ್ಲಿಯೇ ಸಿಕ್ಕಿದ್ದರಿಂದ, ಎಷ್ಟು ದೊಡ್ಡ ಸರಕು ಹಿಡಿಸಬಹುದೆಂದು ಮೊದಲೇ ಲೆಕ್ಕ ಹಾಕಬಹುದು.

ಪ್ರಶ್ನೆ (ವಿದ್ಯಾರ್ಥಿನಿ): ಧನ್ಯವಾದ ಸರ್. ಹಾಗಿದ್ದರೆ ವರದಿಯಲ್ಲಿ ನಾನು ಏನನ್ನು ಅಳೆದು ತೋರಿಸಲಿ?

ಉತ್ತರ: ಇಡೀ ಪಂಜರದ ಆರ್‌ಎಂಎಸ್‌ಡಿ (ಪರಮಾಣುಗಳು ಆರಂಭದ ಸ್ಥಾನದಿಂದ ಸರಾಸರಿ ಎಷ್ಟು ಸರಿದವೆಂಬ ಅಳತೆ) ಗೆರೆ ಸಮತಟ್ಟಾಯಿತೆಂದು ಚಿತ್ರ ಹಾಕಿ ನಿಲ್ಲಿಸಬೇಡಿ, ಆ ಒಂದು ಸಂಖ್ಯೆ ಬಹಳಷ್ಟನ್ನು ಮುಚ್ಚಿಡುತ್ತದೆ. 20 ಜೋಡಿಗಳ ಅಂಚು, ಡಿಎನ್‌ಎ ಸಹಜವಾಗಿ ಬಾಗಲು ಬೇಕಾಗುವ 150 ಜೋಡಿಗಳ ಉದ್ದಕ್ಕಿಂತ ಬಹಳ ಚಿಕ್ಕದು. ಹಾಗಾಗಿ ಅಂಚುಗಳು ಹೇಗೂ ನೆಟ್ಟಗೇ ಇರುತ್ತವೆ, ಏನಾದರೂ ಆಗುವುದಿದ್ದರೆ ಮೂಲೆಗಳಲ್ಲಿ ಆಗುತ್ತದೆ. ಪ್ರತಿ ಮೂಲೆಯ ಕೊನೆಯ ಎರಡು ಜೋಡಿಗಳ ಹೈಡ್ರೊಜನ್ ಬಂಧಗಳು ಎಷ್ಟು ಹೊತ್ತು ಉಳಿದವು, ಅಲ್ಲಿ ಜೋಡಿಯಿಲ್ಲದ ಬೇಸುಗಳನ್ನು ಇಟ್ಟಿದ್ದರೆ ಅವು ಹೊರಕ್ಕೆ ಚಾಚಿವೆಯೋ ಒಳಕ್ಕೆ ಮಡಚಿವೆಯೋ, ಅಂಚುಗಳ ನಡುವಿನ ಕೋನ ಎಷ್ಟು ಓಲಾಡಿತು, ಇವನ್ನು ಮೂಲೆವಾರು ಅಳೆಯಿರಿ. ಬೇರೆ ಬೇರೆ ಆರಂಭಿಕ ವೇಗಗಳಿಂದ ಕನಿಷ್ಠ ಮೂರು ಬಾರಿ ಓಡಿಸಿ. ಫೋರ್ಸ್ ಫೀಲ್ಡ್ (ಪರಮಾಣುಗಳ ನಡುವಿನ ಬಲಗಳನ್ನು ಲೆಕ್ಕ ಹಾಕುವ ಸೂತ್ರಗಳ ಗುಂಪು) ಆರಿಸುವಾಗ, ಆಂಬರ್ ಎಂಬ ಫೋರ್ಸ್ ಫೀಲ್ಡಿನ 2007ರ ತಿದ್ದುಪಡಿಗಿಂತ ಹಿಂದಿನ ಆವೃತ್ತಿಗಳಲ್ಲಿ ಡಿಎನ್‌ಎಯ ಬೆನ್ನೆಲುಬು ತಾನಾಗಿಯೇ ವಿಕಾರಗೊಳ್ಳುತ್ತಿತ್ತು ಎಂಬುದು ನೆನಪಿರಲಿ. ಅದರ ತಿದ್ದಿದ ಆವೃತ್ತಿಗಳಾದ 2016ರ ಪಾರ್ಮ್‌ಬಿಎಸ್‌ಸಿ1 ಅಥವಾ ಒಎಲ್15 ತೆಗೆದುಕೊಳ್ಳಿ.