ಸೆಮಿಫೈನಲ್‌ಗೆ ಹೊರಗಿನವನನ್ನು ಕರೆಸಬೇಕಾ, ಮಿಲ್ಲಿನ ಹುಡುಗನನ್ನೇ ಆಡಿಸಬೇಕಾ?

ಕಾರಟಗಿ ಕ್ಯಾಪ್ಟನ್:

ಅಣ್ಣಂದಿರೇ, ಭಾನುವಾರ ನಮ್ಮ ಸೆಮಿಫೈನಲ್. ಅದಕ್ಕೆ ಮೊದಲು ಒಂದು ಮಾತು ಕೇಳಬೇಕು.

ನಮ್ಮದು ಕಾರಟಗಿ ಹತ್ತಿರದ ಸಣ್ಣ ಊರು. ಡ್ಯಾಮಿನ ಗೇಟು ಬದಲಿಸುವ ಕೆಲಸ ಅಂತ ಈ ಸಲ ಎರಡನೇ ಬೆಳೆಗೆ ನಾಲೆ ನೀರಿಲ್ಲ. ಭತ್ತ ಕೊಯ್ದ ಗದ್ದೆಯೂ ಖಾಲಿ, ಹುಡುಗರೂ ಖಾಲಿ. ಪಕ್ಕದ ಊರಿನವರು ಒಂದು ಗದ್ದೆ ಸಮ ಮಾಡಿಸಿ, ನಡುವೆ ಗರಸು ಹಾಕಿ ಗಟ್ಟಿ ಮಾಡಿ, ನಾಕೌಟ್ ಟೂರ್ನಮೆಂಟ್ ಇಟ್ಟರು. ಟೆನಿಸ್ ಬಾಲ್, 8 ಓವರ್. ಎಂಟ್ರಿ ಫೀ 1,200 ರೂಪಾಯಿ, ಮೊದಲ ಬಹುಮಾನ 25,000. ನಾವು ಹನ್ನೆರಡು ಜನ ತಲೆಗೆ ನೂರು ಹಾಕಿ ಹೆಸರು ಕೊಟ್ಟೆವು.

26 ಟೀಮ್ ಬಂದವು. ಚೀಟಿ ಎತ್ತಿದಾಗ ನಮಗೆ ಬೈ ಸಿಕ್ಕಿತು, ಅಂದರೆ ಮೊದಲ ಸುತ್ತು ಆಡದೆಯೇ ಮುಂದೆ ಹೋದೆವು. ಎರಡನೇ ಸುತ್ತಿನಲ್ಲಿ 9 ರನ್ನಿಂದ ಗೆದ್ದೆವು. ಅದರಲ್ಲಿ ಹೇಳುವಂಥದ್ದೇನಿಲ್ಲ, ಅವರ ಒಳ್ಳೆ ಬ್ಯಾಟ್ಸ್‌ಮನ್ ಅವತ್ತು ಮದುವೆಗೆ ಹೋಗಿದ್ದ.

ಕ್ವಾರ್ಟರ್ ಫೈನಲ್ ಮಾತ್ರ ಮರೆಯೋಕಾಗಲ್ಲ. ಅವರು 58. ಕೊನೇ ಬಾಲಿಗೆ ನಮಗೆ ಎರಡು ಬೇಕಿತ್ತು. ಒಂದು ಓಡಿದೆವು, ಎರಡನೆಯದಕ್ಕೆ ರನ್ ಔಟ್. ಟೈ. ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಒಂದು ಸಿಕ್ಸರ್ ಬಳ್ಳಾರಿ ಜಾಲಿಯೊಳಗೆ ಹೋಗಿ, ಹುಡುಕುವುದಕ್ಕೇ ಹತ್ತು ನಿಮಿಷ ಹಾಳಾಗಿತ್ತು. ಸೂಪರ್ ಓವರ್ ಆಡಿಸೋಣ ಅಂದರೆ ಬಾಲೇ ಕಾಣಲ್ಲ. ಕಮಿಟಿಯವರು ಬೌಲ್ ಔಟ್ ಅಂದರು. ಖಾಲಿ ಸ್ಟಂಪಿಗೆ ಮೂರು ಮೂರು ಬಾಲ್. ಒಂದು ಬೈಕಿನ ಹೆಡ್‌ಲೈಟು ಹಚ್ಚಿ ನಿಲ್ಲಿಸಿದರು.

ಅವರದು ಮೂರರಲ್ಲಿ ಒಂದು ಬಿತ್ತು. ನಮ್ಮ ಫಾಸ್ಟ್ ಬೌಲರ್ ಓಡಿ ಬಂದು ಹಾಕಿದ, ಒಂದು ಮೊಳ ಆಚೆ ಹೋಯಿತು. ಸ್ಪಿನ್ನರ್ ಹೊಡೆದ. ಮೂರನೆಯದಕ್ಕೆ ಯಾರೂ ಮುಂದೆ ಬರಲಿಲ್ಲ. ನಾನೂ ಕೆಳಗೆ ನೋಡಿದೆ, ಸುಳ್ಳು ಯಾಕೆ ಹೇಳಲಿ. ಆಗ ನಮ್ಮ ಹನ್ನೊಂದನೆಯವನು "ಕೊಡಣ್ಣ" ಅಂತ ಬಾಲ್ ಇಸಕೊಂಡ. ಅಕ್ಕಿ ಮಿಲ್ಲಿನಲ್ಲಿ ಚೀಲ ಹೊಲಿಯುವ ಹುಡುಗ. ಎರಡೇ ಹೆಜ್ಜೆ ಹಾಕಿ ಮೆಲ್ಲಗೆ ಬಿಟ್ಟ. ಬಾಲ್ ಒಂದು ಪುಟ ಬಿದ್ದು ನಡು ಸ್ಟಂಪಿಗೆ ತಾಗಿತು. ಊರಲ್ಲೀಗ "ಕುರಿ ಕಾಯ್ದವನ ಕೈ ಗುರಿ ತಪ್ಪಲ್ಲ" ಅಂತ ಹೇಳಿಕೊಂಡು ತಿರುಗುತ್ತಿದ್ದಾರೆ. ಅವನು ಒಂದು ದಿನವೂ ಕುರಿ ಕಾಯ್ದವನಲ್ಲ.

ಈಗ ಸಮಸ್ಯೆ. ಸೆಮಿಯಲ್ಲಿ ಎದುರಿನವರ ಹತ್ತಿರ ಹೊರಗಿನ ಇಬ್ಬರಿದ್ದಾರೆ. ರೂಲ್ ಪ್ರಕಾರ ಇಬ್ಬರಿಗೆ ಅವಕಾಶವಿದೆ. ನಮ್ಮ ದೊಡ್ಡವರು ಗಂಗಾವತಿಯಿಂದ ಒಬ್ಬನನ್ನು ಕರೆಸೋಣ ಅಂತಾರೆ. 2,000 ರೂಪಾಯಿ, ಪೆಟ್ರೋಲು ಬೇರೆ. ಅವನು ಬಂದರೆ ಕೂರಬೇಕಾದವನು ಮಿಲ್ಲಿನ ಹುಡುಗ. ಅವನು ಈ ಟೂರ್ನಮೆಂಟಿನಲ್ಲಿ ಹೊಡೆದದ್ದು ಸೊನ್ನೆ, ಬಿಟ್ಟ ಕ್ಯಾಚ್ ಎರಡು, ಅದೂ ನಿಜ. ಏನು ಮಾಡಲಿ?

ಎಡಗೈ ಬ್ಯಾಟು:

ಒಂದೂ ಆಡದೆ ಒಂದು ಸುತ್ತು ದಾಟಿದಿರಿ, ಒಂದು ಮದುವೆಯಿಂದ ಗೆದ್ದಿರಿ, ಇನ್ನೊಂದು ಹೆಡ್‌ಲೈಟಿನಿಂದ. 😀 ದೇವರೇ ನಿಮ್ಮ ಹನ್ನೆರಡನೆಯವನು ಅನಿಸುತ್ತೆ. ಗಂಗಾವತಿಯವನು ಯಾಕೆ ಬೇಕು?

ನಿವೃತ್ತ ಪಿ.ಟಿ. ಮಾಸ್ತರ:

ತಮ್ಮಾ, ಬೈ ಬಂದದ್ದಕ್ಕೆ ನಾಚಿಕೆ ಬೇಡ. 26 ಟೀಮ್ ಅಂದರೆ 32ಕ್ಕೆ ಆರು ಕಡಿಮೆ. ಆರು ಟೀಮಿಗೆ ಬೈ ಕೊಡಲೇಬೇಕು. ಉಳಿದ 20 ಆಡಿ ಹತ್ತು ಉಳಿದರೆ ಆಗ 16 ಸರಿಹೋಗುತ್ತದೆ. ಇಷ್ಟು ವರ್ಷ ಶಾಲೆ ಮಕ್ಕಳಿಗೆ ಇದೇ ಲೆಕ್ಕ ಹಾಕಿಸಿದ್ದೇನೆ.

ಹೊರಗಿನವರ ಜಗಳ ನಮ್ಮಲ್ಲಿ ಮಾತ್ರ ಅಂದುಕೋಬೇಡ. ಇಂಗ್ಲೆಂಡಿನಲ್ಲಿ 1972ರಿಂದ ಹಳ್ಳಿ ಟೀಮುಗಳಿಗೇ ಅಂತ ಒಂದು ನಾಕೌಟ್ ಇದೆ, ಫೈನಲ್ ಲಾರ್ಡ್ಸ್‌ನಲ್ಲಿ ನಡೆಯುತ್ತದೆ. ಅಲ್ಲಿಯೂ ಯಾರು ಆಡಬಹುದು, ಯಾರು ಆಡಬಾರದು ಅಂತ ನಿಯಮ ಮಾಡಿದ್ದಾರೆ. ನೀನು ಮೊದಲು ಕಮಿಟಿಯಲ್ಲಿ ಒಂದು ಕೇಳು: ಆಟಗಾರರ ಪಟ್ಟಿ ಇನ್ನೂ ತೆರೆದಿದೆಯೋ, ಮೊದಲ ದಿನಕ್ಕೇ ಮುಗಿಯಿತೋ? ಅದು ಗೊತ್ತಾಗದೆ ಯಾರಿಗೂ ಅಡ್ವಾನ್ಸ್ ಕೊಡಬೇಡ.

ಸಿಂಧನೂರಿನಿಂದ ಒಬ್ಬ:

ಬೌಲ್ ಔಟ್ ಅಂದ ಕೂಡಲೇ 2007ರ ಟಿ20 ವಿಶ್ವಕಪ್ ನೆನಪಾಯಿತು. ಡರ್ಬನ್‌ನಲ್ಲಿ ಪಾಕಿಸ್ತಾನದ ಮೇಲೆ, ಎರಡೂ ಕಡೆ 141ಕ್ಕೆ ಟೈ. ನಮ್ಮ ಕಡೆಯಿಂದ ಸೆಹ್ವಾಗ್, ಹರ್ಭಜನ್, ಮೂರನೆಯವರು ನಮ್ಮ ರಾಬಿನ್ ಉತ್ತಪ್ಪ. ಮೂರೂ ಸ್ಟಂಪಿಗೆ. ಅವರದು ಮೂರೂ ಆಚೆ. ಉತ್ತಪ್ಪ ಬೌಲರೇ ಅಲ್ಲ, ಅವತ್ತು 50 ಹೊಡೆದಿದ್ದ ಬ್ಯಾಟ್ಸ್‌ಮನ್. ಧೋನಿ ಸ್ಟಂಪಿನ ಹಿಂದೆ ನೇರಕ್ಕೆ ಮಂಡಿಯೂರಿ ಕೂತಿದ್ದರು, ಅವರ ಎದೆ ನೋಡಿ ಹಾಕಿದರೆ ಸಾಕಿತ್ತು. ಮತ್ತೆ ಟೈ ಆದರೆ ಇದು ನೆನಪಿರಲಿ. ಕೀಪರ್ ಪಕ್ಕದಲ್ಲಿ ನಿಂತರೆ ಬೌಲರ್ ಕೈಯೂ ಪಕ್ಕಕ್ಕೆ ಹೋಗುತ್ತೆ. ಓಡಿ ಬಂದು ಜೋರಾಗಿ ಹಾಕುವವರನ್ನಂತೂ ಕರೆಯಲೇಬೇಡಿ.

ಹುಡುಗನ ವಿಷಯ: ಅವನೂ ನೂರು ರೂಪಾಯಿ ಹಾಕಿದ್ದಾನಲ್ವಾ?

ಕಾರಟಗಿ ಕ್ಯಾಪ್ಟನ್:

ಹೌದಣ್ಣ. ಹನ್ನೆರಡು ಜನರಲ್ಲಿ ಮೊದಲು ಕೊಟ್ಟವನೇ ಅವನು.

ಕಾರಟಗಿ ಕ್ಯಾಪ್ಟನ್ (ಸೋಮವಾರ):

ಮಾಸ್ತರೇ, ನೀವು ಹೇಳಿದ್ದು ಒಳ್ಳೆಯದಾಯಿತು. ಹೋಗಿ ಕೇಳಿದೆ. ಪಟ್ಟಿ ಮೊದಲ ದಿನಕ್ಕೇ ಬಂದ್. ಹದಿನೈದು ಹೆಸರು ಬರೆಸಬಹುದಿತ್ತು, ನಾವು ಹನ್ನೆರಡೇ ಬರೆಸಿದ್ದೆವು. ಎದುರಿನವರು ಹೊರಗಿನ ಇಬ್ಬರ ಹೆಸರನ್ನು ಅವತ್ತೇ ಬರೆಸಿದ್ದರಂತೆ, ಬುದ್ಧಿವಂತರು. ನಾನು ತೀರ್ಮಾನ ಮಾಡುವುದು ತಪ್ಪಿತು. ನಿಜ ಹೇಳಬೇಕೆಂದರೆ ಜೀವಕ್ಕೆ ಹಾಯೆನಿಸಿತು.

ಭಾನುವಾರ ಬೆಳಿಗ್ಗೆ ಎಲ್ಲರೂ ಒಗ್ಗರಣೆ ಮಿರ್ಚಿ ತಿಂದು ಟ್ರ್ಯಾಕ್ಟರ್ ಹತ್ತಿದೆವು. ಅವರು 71. ಅದರಲ್ಲಿ ಆ ಇಬ್ಬರದೇ 54. ಮಿಲ್ಲಿನ ಹುಡುಗ ಲಾಂಗ್ ಆನ್‌ನಲ್ಲಿ ಮತ್ತೊಂದು ಕ್ಯಾಚ್ ಬಿಟ್ಟ. ಬಿಟ್ಟ ಬಾಲನ್ನೇ ಎತ್ತಿ ಎಸೆದ, ನೇರ ಸ್ಟಂಪಿಗೆ, ರನ್ ಔಟ್! ಬೈಯೋಕೆ ಬಾಯಿ ತೆರೆದವರು ಹಾಗೇ ಚಪ್ಪಾಳೆ ಹೊಡೆದರು. ನಾವು 68ಕ್ಕೆ ನಿಂತೆವು. ನಾನು ಹೊಡೆದದ್ದು ನಾಲ್ಕು, ಅದರ ಬಗ್ಗೆ ಕೇಳಬೇಡಿ.

ಮುಂದಿನ ತಿಂಗಳು ಇನ್ನೊಂದು ಟೂರ್ನಮೆಂಟ್ ಇದೆ, ಎಂಟ್ರಿ 1,500. ತಲೆಗೆ 125. ಹುಡುಗ ಇವತ್ತು ಬೆಳಿಗ್ಗೆಯೇ ಅಂಗಡಿಗೆ ಬಂದು ಇಟ್ಟುಹೋದ. ಉಳಿದವರು ಇನ್ನೂ ಫೋನ್ ಎತ್ತಿಲ್ಲ.