ಗಣಿಯ 'ಟೇಲಿಂಗ್ಸ್'ಗೆ ಕನ್ನಡದಲ್ಲಿ ಏನಂತೀರಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮಕ್ಕಳಿಗಾಗಿ ಕೆಜಿಎಫ್ (ಕೋಲಾರದ ಚಿನ್ನದ ಗಣಿ) ಬಗ್ಗೆ ಸಣ್ಣ ಲೇಖನ ಬರೀತಿದ್ದೇನೆ. ಒಂದೇ ಒಂದು ಪದಕ್ಕೆ ಮೂರು ದಿನದಿಂದ ಸಿಕ್ಕಿಹಾಕಿಕೊಂಡಿದ್ದೇನೆ.

ಗಣಿಯಿಂದ ಬರೋ ಕಸ ಎರಡು ಥರ, ಅಲ್ವಾ? ಅದಿರಿಲ್ಲದ ಬರೀ ಕಲ್ಲು ಒಂದು. ಅದಕ್ಕೆ 'ಕಲ್ಲುರಾಶಿ' ಅಂದರೆ ಸಾಕು, ತಕರಾರಿಲ್ಲ. ಇನ್ನೊಂದು, ಅದಿರನ್ನು ನುಣ್ಣಗೆ ಅರೆದು, ಸೈನೈಡ್ ನೀರಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿಯೋ ಪುಡಿ. ಇಂಗ್ಲಿಷಿನ ಟೇಲಿಂಗ್ಸ್ ಇದೇ. ತಲೆನೋವು ಇದರದ್ದೇ.

ಪತ್ರಿಕೆಗಳಲ್ಲಿ 'ಸೈನೈಡ್ ಗುಡ್ಡ', 'ಸೈನೈಡ್ ದಿಬ್ಬ' ಅಂತ ನೋಡಿದ್ದೇನೆ. ಆದರೆ ಅದು ಗುಡ್ಡದ ಹೆಸರು, ಪುಡಿಯದ್ದಲ್ಲ. 2001ರಲ್ಲಿ ಗಣಿ ಮುಚ್ಚಿದರೂ ಗುಡ್ಡಗಳು ಅಲ್ಲೇ ಇವೆ. ಬೇಸಿಗೆಯಲ್ಲಿ ಗಾಳಿ ಎದ್ದರೆ ಹಿಟ್ಟಿನಂಥ ಧೂಳು ಒಗೆದು ಹಾಕಿದ ಬಟ್ಟೆ ಮೇಲೆಲ್ಲ ಕೂರುತ್ತದೆ.

'ಗಣಿ ತ್ಯಾಜ್ಯ' ಬರೆದೆ, ಎರಡೂ ಥರದ ಕಸ ಕಲಸಿಹೋಯಿತು. 'ಹೂಳು' ಅಂದರೆ ಕೆರೆ ನೆನಪಾಗುತ್ತದೆ. ಕುದುರೆಮುಖದ ಲಕ್ಯಾ ಅಣೆಕಟ್ಟೆಯಲ್ಲಿ ನಿಂತಿರೋ ಕಬ್ಬಿಣದ ಅದಿರಿನ ಕೆಸರಿಗೆ ಅದು ಹೊಂದಬಹುದು, ಒಣ ಪುಡಿಗೆ ಹೊಂದಲ್ಲ. 'ಗಸಿ' ನನಗೆ ಇಷ್ಟವಾಯಿತು. ಆದರೆ ಮಗಳು, "ಎಣ್ಣೆ ಗಸಿನಾ ಅಪ್ಪಾ?" ಅಂದಳು!

ಗಣಿಯಲ್ಲಿ ಕೆಲಸ ಮಾಡಿದವರು, ಅವರ ಮನೆಯವರು ಇಲ್ಲಿದ್ದರೆ ಹೇಳಿ: ಈ ಪುಡಿಯನ್ನೇ ನೀವು ಏನಂತ ಕರೀತಿದ್ರಿ? ತಮಿಳು, ತೆಲುಗು ಪದವಾದರೂ ಸರಿ. ಹಾಗೊಂದು ಪದ ಇಲ್ಲದಿದ್ದರೆ 'ಗಸಿ' ಇಡಲಾ, ಸುಮ್ನೆ 'ಟೇಲಿಂಗ್ಸ್' ಅಂತಲೇ ಬಿಡಲಾ?